ಮಕ್ಕಳ ಉಸಿರಿಗೆ ಬೇರೆ ಡಾಕ್ಟರ್ ಯಾಕೆ ಎನ್ನುವವರಿಗೆ

ಮುಂಬಯಿಯ ಸಾರ್ವಜನಿಕ ಆಸ್ಪತ್ರೆಗಳ ಮಾತು ಬಂದಾಗಲೆಲ್ಲ ಒಂದು ವಾದ ತಪ್ಪದೆ ಕೇಳಿಸುತ್ತದೆ. ಹಾಸಿಗೆ ಸಾಲದು, ನರ್ಸುಗಳು ಸಾಲರು, ಸಾಮಾನ್ಯ ಡಾಕ್ಟರುಗಳೇ ಸಾಲರು. ಇಂಥ ಊರಲ್ಲಿ ಮಕ್ಕಳ ಶ್ವಾಸಕೋಶಕ್ಕೆಂದೇ ತಜ್ಞರನ್ನು ತಯಾರು ಮಾಡಲು ಹೊರಡುವುದು ಉಳ್ಳವರ ಷೋಕಿ. ಮಕ್ಕಳ ಡಾಕ್ಟರ್ ಇದ್ದಾರೆ, ಎದೆರೋಗದ ಡಾಕ್ಟರ್ ಇದ್ದಾರೆ, ನಡುವೆ ಮೂರನೆಯವರು ಯಾಕೆ? ಎಂಬಿಬಿಎಸ್‌ಗೆ ಐದೂವರೆ ವರ್ಷ, ಎಂಡಿಗೆ ಮೂರು ವರ್ಷ ಓದಿದವರನ್ನು ಮತ್ತೆ ಮೂರು ವರ್ಷ ಡಿಎಂ ಎಂದು ಕೂರಿಸಿದರೆ ವಾರ್ಡಿನಲ್ಲಿ ಕೆಲಸ ಮಾಡುವವರು ಯಾರು?

ಈ ಮಾತಾಡುವವರು ದುಷ್ಟರಲ್ಲ. ಹೆಚ್ಚಿನವರು ಬಡವರ ಪರವಾಗಿಯೇ ಮಾತಾಡುತ್ತಿದ್ದೇವೆ ಎಂದು ನಂಬಿದವರು. ವಾದಕ್ಕೆ ಬಲ ಬಂದಿರುವುದೂ ಆ ಒಳ್ಳೆಯ ಹೆಸರಿನಿಂದಲೇ. ಆದರೆ ಅದರ ಪೆಟ್ಟು ಬೀಳುವುದು ಯಾರ ಮೇಲೆ ಎಂದು ನೋಡಿದರೆ ಗೋವಂಡಿಯ, ಮಾನ್ಖುರ್ದ್‌ನ, ಧಾರಾವಿಯ ಮಕ್ಕಳೇ ಕಾಣುತ್ತಾರೆ. ಹಣವಿದ್ದವರ ಮಗುವಿಗೆ ತಜ್ಞರು ಹೇಗೂ ಸಿಗುತ್ತಾರೆ. ಇಲ್ಲದವರ ಮಗುವಿಗೆ ಅದು ಬೇಕಾಗಿಲ್ಲ ಎಂದು ತೀರ್ಮಾನಿಸುವ ಬಡವರ ಪರ ನಿಲುವನ್ನು ನಾನು ಒಪ್ಪಲಾರೆ.

ಈ ವಾದದ ಬುಡದಲ್ಲಿರುವುದು ಮಗುವಿನ ಶ್ವಾಸಕೋಶ ದೊಡ್ಡವರದ್ದರ ಚಿಕ್ಕ ಪ್ರತಿ ಎಂಬ ಕಲ್ಪನೆ. ಕೈಗೂಸಿನ ಶ್ವಾಸನಾಳದ ಅಗಲ ಸುಮಾರು 4 ಮಿಲಿಮೀಟರ್. ನೆಗಡಿಯಾಗಿ ಅದರ ಒಳಗೋಡೆ ಸುತ್ತಲೂ ಒಂದೇ ಒಂದು ಮಿಲಿಮೀಟರ್ ಊದಿಕೊಂಡಿತು ಅನ್ನಿ. ಗಾಳಿಗೆ ಉಳಿಯುವ ದಾರಿ ಕಾಲುಭಾಗ. ಗಾಳಿ ಎದುರಿಸಬೇಕಾದ ತಡೆ 16 ಪಟ್ಟು. ಅಷ್ಟೇ ಊತ 8 ಮಿಲಿಮೀಟರ್ ಅಗಲದ ದೊಡ್ಡವರ ನಾಳದಲ್ಲಾದರೆ ತಡೆ ಹೆಚ್ಚುವುದು ಮೂರು ಪಟ್ಟು. ಅಪ್ಪನಿಗೆ ಎರಡು ದಿನ ಗಂಟಲು ಕೆರೆಯುವಂತೆ ಮಾಡಿದ ವೈರಸ್ಸು ಮಗುವನ್ನು ಆಕ್ಸಿಜನ್ನಿನ ಹಾಸಿಗೆಗೆ ತರುವುದು ಇದೇ ಲೆಕ್ಕದಲ್ಲಿ. ಕೂಸಿನ ಪಕ್ಕೆಲುಬುಗಳು ಇನ್ನೂ ಮೆತ್ತಗೆ, ಅಡ್ಡಡ್ಡವಾಗಿ ಕೂತಿರುತ್ತವೆ. ಉಸಿರಾಟದ ಭಾರವೆಲ್ಲ ವಪೆಯ ಮೇಲೆ, ಆ ವಪೆ ಬೇಗ ದಣಿಯುತ್ತದೆ. ಗಾಳಿಗೂಡುಗಳಲ್ಲಿ ಬಹುಪಾಲು ಹುಟ್ಟಿದ ಮೇಲೆಯೇ ಮೂಡಬೇಕು.

ಶ್ವಾಸಕೋಶ ತನ್ನ ಪೂರ್ಣ ಶಕ್ತಿಗೆ ಬರುವುದು ಇಪ್ಪತ್ತರ ಆಸುಪಾಸಿನ ವಯಸ್ಸಿನಲ್ಲಿ. ಬಾಲ್ಯದಲ್ಲಿ ಕಳೆದುಕೊಂಡಿದ್ದನ್ನು ಮುಂದೆ ತುಂಬಿಕೊಳ್ಳುವುದು ಕಷ್ಟ. ಇಂಗ್ಲೆಂಡಿನ ಡೇವಿಡ್ ಬಾರ್ಕರ್ ಮತ್ತು ಸಂಗಡಿಗರು ಹರ್ಟ್‌ಫರ್ಡ್‌ಶೈರ್‌ನಲ್ಲಿ 1911ರಿಂದ 1930ರ ನಡುವೆ ಹುಟ್ಟಿದ ಗಂಡಸರ ದಾಖಲೆ ತೆಗೆದು ನೋಡಿ, ಹಸುಗೂಸಾಗಿದ್ದಾಗ ನ್ಯುಮೋನಿಯಾ ಅಥವಾ ಬ್ರಾಂಕೈಟಿಸ್ ಬಂದವರ ಶ್ವಾಸಕೋಶ ಮುಪ್ಪಿನಲ್ಲೂ ದುರ್ಬಲವಾಗಿಯೇ ಇತ್ತು ಎಂದು 1991ರಲ್ಲಿ ತೋರಿಸಿದರು. ಮುದುಕರ ದಮ್ಮಿಗೆ ದೊಡ್ಡ ದೊಡ್ಡ ವಿಭಾಗ ಕಟ್ಟುವ ನಾವು ಅದರ ಬೇರು ಇರುವ ವಯಸ್ಸನ್ನು ಷೋಕಿ ಎಂದು ತಳ್ಳಿಹಾಕುತ್ತಿದ್ದೇವೆ.

ಇನ್ನು ಇಬ್ಬರು ಡಾಕ್ಟರುಗಳ ನಡುವಿನ ಸಂದಿಯ ಮಾತು. ಮಕ್ಕಳ ಡಾಕ್ಟರ್ ಜ್ವರ, ಭೇದಿ, ಲಸಿಕೆ, ಕುಪೋಷಣೆ, ಫಿಟ್ಸ್ ಎಲ್ಲವನ್ನೂ ನೋಡಬೇಕು. ಕ್ಯೂ ಬಾಗಿಲು ದಾಟಿ ಮೆಟ್ಟಿಲವರೆಗೆ ನಿಂತಿರುತ್ತದೆ. ಎದೆರೋಗದ ಡಾಕ್ಟರ್ ಕಲಿತದ್ದು ಬೀಡಿ ಸೇದುವವರ ದಮ್ಮು, ದೊಡ್ಡವರ ಟಿಬಿ, ಶ್ವಾಸಕೋಶದ ಕ್ಯಾನ್ಸರ್. ಅವರ ಊದುವ ಪರೀಕ್ಷೆಗೆ, ಅಂದರೆ ಸ್ಪೈರೋಮೆಟ್ರಿಗೆ, ಐದಾರು ವರ್ಷಕ್ಕಿಂತ ಚಿಕ್ಕ ಮಗು ಸಹಕರಿಸುವುದೇ ಇಲ್ಲ. ಉಸಿರುನಾಳದ ಒಳಗೆ ಇಳಿಸಿ ನೋಡುವ ಅವರ ಕೊಳವೆ, ಬ್ರಾಂಕೋಸ್ಕೋಪು, ಕೂಸಿನ ನಾಳದಲ್ಲಿ ಇಳಿಯುವುದೂ ಇಲ್ಲ. ಕೂಸಿಗೆ ಬೇಕಾದದ್ದು ಮೂರು ಮಿಲಿಮೀಟರಿಗಿಂತ ಸಪೂರವಾದದ್ದು. ಅದನ್ನು ಇಳಿಸುವಾಗ ಉಸಿರಿನ ದಾರಿಯ ಬಹುಭಾಗವನ್ನು ಕೊಳವೆಯೇ ಆಕ್ರಮಿಸಿರುತ್ತದೆ, ಒಂದೊಂದು ಸೆಕೆಂಡಿಗೂ ಬೆಲೆ ಇರುತ್ತದೆ. ಪುಸ್ತಕ ಓದಿ ಬರುವ ವಿದ್ಯೆ ಇದಲ್ಲ. ಕಲಿಸುವವರ ಪಕ್ಕದಲ್ಲಿ ನಿಂತು, ನೂರಾರು ಮಕ್ಕಳಲ್ಲಿ ಮಾಡಿ, ಕೈಗೆ ಬರಬೇಕಾದದ್ದು.

ಈ ಸಂದಿಯಲ್ಲಿ ಬೀಳುವ ಮಕ್ಕಳು ಎಂಥವರು? ಎರಡು ವರ್ಷದ ಮಗು ಶೇಂಗಾ ತಿನ್ನುತ್ತ ನಗುತ್ತದೆ, ಕಾಳು ಉಸಿರುನಾಳಕ್ಕೆ ಜಾರುತ್ತದೆ. ಐದು ನಿಮಿಷ ಕೆಮ್ಮು, ಆಮೇಲೆ ಎಲ್ಲ ಶಾಂತ. ಮನೆಯವರು ಮರೆತೇಬಿಡುತ್ತಾರೆ. ಶೇಂಗಾ ಎಕ್ಸ್‌ರೇಯಲ್ಲಿ ಕಾಣುವ ವಸ್ತುವಲ್ಲ. ಒಂದು ತಿಂಗಳ ಮೇಲೆ ಬಿಡದ ಕೆಮ್ಮು ಬಂದಾಗ ಒಬ್ಬರು ಅಸ್ತಮಾ ಎನ್ನುತ್ತಾರೆ, ಇನ್ನೊಬ್ಬರು ಟಿಬಿ ಎನ್ನುತ್ತಾರೆ, ತಿಂಗಳುಗಟ್ಟಲೆ ಔಷಧಿ ಹೊಟ್ಟೆಗೆ ಹೋಗುತ್ತದೆ, ಕಾಳು ಅಲ್ಲೇ ಕೂತಿರುತ್ತದೆ. "ಕೆಮ್ಮು ಶುರುವಾದ ದಿನ ಮಗು ಏನು ತಿನ್ನುತ್ತಿತ್ತು?" ಎಂದು ಕೇಳಿ, ಎರಡೂ ಬದಿಯ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಹೋಲಿಸಿ, ಒಂದು ಕಡೆ ಗಾಳಿ ಕಡಿಮೆ ಎಂದು ಹಿಡಿಯುವುದಕ್ಕೆ ಅಂಥದೇ ಮಕ್ಕಳನ್ನು ದಿನವೂ ನೋಡಿದ ಕಿವಿ ಬೇಕು.

ಇನ್ನೊಂದು, ಸಿಸ್ಟಿಕ್ ಫೈಬ್ರೋಸಿಸ್ ಎಂಬ ಹುಟ್ಟುಕಾಯಿಲೆ. ಅದು ಬಿಳಿಯರ ರೋಗ, ನಮ್ಮಲ್ಲಿಲ್ಲ ಎಂದು ಎಷ್ಟೋ ಕಾಲ ನಂಬಿದ್ದೆವು. ಭಾರತದಲ್ಲಿ ಅದು ಇದೆ ಎಂದು 1960ರ ದಶಕದಲ್ಲೇ ವರದಿಯಾಗಿತ್ತು. ಮಗುವಿಗೆ ಮುತ್ತಿಟ್ಟರೆ ಉಪ್ಪುಪ್ಪು ಅನಿಸುತ್ತದೆ ಎಂದು ತಾಯಿಯೇ ಹೇಳುತ್ತಾಳೆ. ಆ ಮಾತಿಗೆ ಕಿವಿಗೊಟ್ಟು ಬೆವರಿನ ಪರೀಕ್ಷೆಗೆ ಕಳಿಸುವ ಡಾಕ್ಟರ್ ಸಿಗುವಷ್ಟರಲ್ಲಿ ಮಗು "ಪದೇ ಪದೇ ನ್ಯುಮೋನಿಯಾ" ಎಂಬ ಚೀಟಿ ಹಿಡಿದು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದಿರುತ್ತದೆ.

ಇವೆಲ್ಲ ಅಪರೂಪದ ಕಾಯಿಲೆ, ಅದಕ್ಕಾಗಿ ಇಷ್ಟು ಖರ್ಚೇ ಎನ್ನುವವರು ಟಿಬಿಯತ್ತ ತಿರುಗಲಿ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲುಭಾಗ ಭಾರತದವರು. 2012ರಲ್ಲಿ ಮಾಹಿಮ್‌ನ ಹಿಂದುಜಾ ಆಸ್ಪತ್ರೆಯ ಡಾ. ಜರೀರ್ ಉದ್ವಾಡಿಯಾ ಮತ್ತು ಸಂಗಡಿಗರು ಯಾವ ಔಷಧಿಗೂ ಜಗ್ಗದ ಟಿಬಿಯ ಬಗ್ಗೆ ಬರೆದಾಗ ಪ್ರಪಂಚವೇ ಮುಂಬಯಿಯತ್ತ ತಿರುಗಿ ನೋಡಿತು. ಅಂಥ ಟಿಬಿ ಇರುವ ಅಪ್ಪ ಹತ್ತು ಅಡಿ ಅಗಲದ ಖೋಲಿಯಲ್ಲಿ ಮಗುವಿನ ಪಕ್ಕದಲ್ಲೇ ಮಲಗುತ್ತಾನೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಜಗತ್ತಿನ ಕ್ಷಯರೋಗಿಗಳಲ್ಲಿ ನೂರಕ್ಕೆ ಹನ್ನೊಂದು ಹನ್ನೆರಡು ಮಂದಿ ಹದಿನೈದರೊಳಗಿನ ಮಕ್ಕಳು. ನಮ್ಮ ದೇಶದ ನೋಂದಣಿ ಪುಸ್ತಕದಲ್ಲಿ ಅವರ ಪಾಲು ನೂರಕ್ಕೆ ಆರರ ಆಸುಪಾಸು. ಉಳಿದ ಮಕ್ಕಳು ಎಲ್ಲಿದ್ದಾರೆ? ಇದೇ ಚಾಳುಗಳಲ್ಲಿ, ಇದೇ ಝೋಪಡಪಟ್ಟಿಗಳಲ್ಲಿ, ಕೆಮ್ಮಿನ ಸಿರಪ್ಪು ಕುಡಿಯುತ್ತ.

ಮಗುವಿನಲ್ಲಿ ಟಿಬಿ ಹಿಡಿಯುವುದು ಎಂಥ ಕೆಲಸ ಎಂಬುದನ್ನು ಷೋಕಿ ಎನ್ನುವವರು ಒಂದು ಬೆಳಿಗ್ಗೆ ವಾರ್ಡಿನಲ್ಲಿ ನಿಂತು ನೋಡಬೇಕು. ಚಿಕ್ಕ ಮಗು ಕಫ ಉಗುಳುವುದಿಲ್ಲ, ನುಂಗುತ್ತದೆ. ಆ ನುಂಗಿದ ಕಫವನ್ನು ಹೊಟ್ಟೆಯಿಂದ ತೆಗೆಯಬೇಕು. ಹಿಂದಿನ ರಾತ್ರಿಯೇ ಮಗುವನ್ನು ಭರ್ತಿ ಮಾಡಿಕೊಂಡು ಉಪವಾಸ ಇಡಬೇಕು. ಬೆಳಕು ಹರಿಯುವಾಗ, ಅದು ಎದ್ದು ಓಡಾಡಿ ಹೊಟ್ಟೆ ಖಾಲಿಯಾಗುವ ಮೊದಲೇ, ಮೂಗಿನಿಂದ ಸಪೂರ ನಳಿಕೆ ಇಳಿಸಿ ಸಿರಿಂಜಿನಿಂದ ಎಳೆಯಬೇಕು. ಬರುವುದು ಕೆಲವೇ ಚಮಚ. ಹೊಟ್ಟೆಯ ಆಮ್ಲ ಕ್ರಿಮಿಯನ್ನು ಕೊಲ್ಲುವುದರೊಳಗೆ ಅದು ಲ್ಯಾಬಿಗೆ ಮುಟ್ಟಬೇಕು. ಮರುದಿನ ಮತ್ತೆ ಅದೇ. ಅಷ್ಟಾದರೂ ಮಗುವಿನಲ್ಲಿ ಕ್ರಿಮಿಗಳ ಸಂಖ್ಯೆಯೇ ಕಡಿಮೆ ಇರುವುದರಿಂದ ಪರೀಕ್ಷೆ ಎಷ್ಟೋ ಸಲ ಏನನ್ನೂ ತೋರಿಸುವುದಿಲ್ಲ. ಆಗ ತೂಕದ ಚಾರ್ಟು, ಎಕ್ಸ್‌ರೇ, ಮನೆಯಲ್ಲಿ ಯಾರಿಗೆ ಯಾವ ಔಷಧಿ ನಡೆದಿದೆ ಎಂಬ ವಿಚಾರಣೆ ಎಲ್ಲವನ್ನೂ ಕೂಡಿಸಿ ಡಾಕ್ಟರೇ ತೀರ್ಮಾನಿಸಬೇಕು. ಕ್ಯೂ ಕರಗಿಸುವ ಅವಸರದಲ್ಲಿರುವ ಒಪಿಡಿಯಿಂದ ಇದನ್ನು ನಿರೀಕ್ಷಿಸುವುದೇ ಅನ್ಯಾಯ.

ಇದರ ಮೇಲೆ ಈ ಊರಿನ ಗಾಳಿ. 1927ರಿಂದ ಕಸ ತಿನ್ನುತ್ತಿರುವ ದೇವನಾರ್ ಡಂಪಿಂಗ್ ಮೈದಾನದ ಬೆನ್ನಿಗೇ ಗೋವಂಡಿ, ಶಿವಾಜಿನಗರ. 2016ರ ಜನವರಿಯಲ್ಲಿ ಅಲ್ಲಿ ಹತ್ತಿದ ಬೆಂಕಿಯ ಹೊಗೆಗೆ ಶಾಲೆಗಳನ್ನು ಮುಚ್ಚಬೇಕಾಯಿತು. ರಿಫೈನರಿಗಳ ಮಗ್ಗುಲಲ್ಲಿ, ಮಾಹುಲ್‌ನ ಕಟ್ಟಡಗಳಲ್ಲಿ, ಬೇರೆಡೆಯಿಂದ ಎಬ್ಬಿಸಿ ತಂದ ಕುಟುಂಬಗಳನ್ನು ತುಂಬಿದರು. ಮಾಹುಲ್, ಚೆಂಬೂರು ಕಡೆಯ ವಾಯುಮಾಲಿನ್ಯಕ್ಕಾಗಿ ನಾಲ್ಕು ಕಂಪನಿಗಳು ಒಟ್ಟು 286 ಕೋಟಿ ರೂಪಾಯಿ ಕಟ್ಟಬೇಕೆಂದು ರಾಷ್ಟ್ರೀಯ ಹಸಿರು ಪೀಠ 2020ರಲ್ಲಿ ಆದೇಶಿಸಿತು. 2023ರ ಅಕ್ಟೋಬರಿನಲ್ಲಿ ನಗರದ ಗಾಳಿ ಎಷ್ಟು ಕೆಟ್ಟಿತೆಂದರೆ ಬಾಂಬೆ ಹೈಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು, ಪಾಲಿಕೆ ಕಟ್ಟಡ ಕಾಮಗಾರಿಗಳ ಧೂಳಿಗೆ ನಿಯಮ ಮಾಡಿತು. ಆ ಕಾಮಗಾರಿಗಳಲ್ಲಿ ಸಿಮೆಂಟು ಹೊರುವವರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯಿಂದ ಬಂದ ನಮ್ಮ ನಾಕಾ ಕೂಲಿಗಳೂ ಇದ್ದಾರೆ. ಅವರ ಮಕ್ಕಳು ಆಡುವುದು ಅದೇ ಧೂಳಿನ ರಾಶಿಯ ಪಕ್ಕ. ಕೋರ್ಟು ಗಾಳಿಯ ಲೆಕ್ಕ ಕೇಳಿತು. ಆ ಗಾಳಿ ಕುಡಿದ ಮಕ್ಕಳ ಶ್ವಾಸಕೋಶದ ಲೆಕ್ಕ ಇಡುವವರು ಯಾರು?

ಎದುರು ಪಕ್ಷದ ಅತಿ ಬಲವಾದ ಸಾಕ್ಷಿ ಇರುವುದು ಇದೇ ಮಹಾರಾಷ್ಟ್ರದ ಗಡಚಿರೋಲಿಯಲ್ಲಿ. ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೆ, ಸೂಲಗಿತ್ತಿಯರಿಗೆ ಮಗುವಿನ ಉಸಿರು ಎಣಿಸಿ ನ್ಯುಮೋನಿಯಾ ಗುರುತಿಸುವುದನ್ನು, ಔಷಧಿ ಕೊಡುವುದನ್ನು ಕಲಿಸಿದರು. ಮಕ್ಕಳ ಸಾವು ಇಳಿಯಿತೆಂಬ ಅವರ ವರದಿ 1990ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಅಕ್ಷರ ಬಾರದ ಸೂಲಗಿತ್ತಿ ಮಾಡಿದ ಕೆಲಸಕ್ಕೆ ಡಿಎಂ ಯಾಕೆ ಎಂದು ಕೇಳುತ್ತಾರೆ.

ಗಡಚಿರೋಲಿಯ ಸಾಧನೆಗೆ ನಾನೂ ಕೈ ಮುಗಿಯುತ್ತೇನೆ. ಆದರೆ ಎಣಿಸಿದ ಉಸಿರು ಎಷ್ಟಾದರೆ ಅಪಾಯ ಎಂಬ ಗೆರೆ ತಾನಾಗಿ ಮೂಡಿದ್ದಲ್ಲ. ಎರಡು ತಿಂಗಳ ಒಳಗಿನ ಕೂಸಿಗೆ ನಿಮಿಷಕ್ಕೆ 60, ಒಂದು ವರ್ಷದ ಒಳಗೆ 50, ಐದರ ಒಳಗೆ 40: ಇಂದು ಆಶಾ ಕಾರ್ಯಕರ್ತೆಗೂ ಗೊತ್ತಿರುವ ಈ ಅಂಕಿಗಳ ಹಿಂದೆ ಪಪುವಾ ನ್ಯೂಗಿನಿಯ ಗೊರೊಕಾ ಆಸ್ಪತ್ರೆಯಲ್ಲಿ ಕೂತು ಮಕ್ಕಳ ಎದೆಯನ್ನೇ ವರ್ಷಗಟ್ಟಲೆ ಗಮನಿಸಿದ ಫ್ರಾಂಕ್ ಶಾನ್‌ರಂಥ ಡಾಕ್ಟರುಗಳ ಶ್ರಮವಿದೆ. ಸೂಲಗಿತ್ತಿಯ ಕೈಗೆ ಸರಳವಾದ ಸಾಧನ ಕೊಡಬೇಕಾದರೆ ಆ ಒಂದೇ ವಿಷಯವನ್ನು ಆಳವಾಗಿ ಬಲ್ಲವರು ಮೊದಲು ಇರಬೇಕು. ಇನ್ನೂ ಒಂದು ಮಾತು. ಎಣಿಸಿ ಗುರುತಿಸಿ ಔಷಧಿ ಕೊಟ್ಟರೂ ವಾಸಿಯಾಗದ ಮಗುವನ್ನು ಕಳಿಸುವುದೆಲ್ಲಿಗೆ? ಗಡಚಿರೋಲಿಯವರು ನಾಗಪುರದತ್ತ ನೋಡಬಹುದು, ನಾಗಪುರದವರು ಮುಂಬಯಿಯತ್ತ. ಮುಂಬಯಿಯವರು?

ತಜ್ಞರೆಂದರೆ ದುಬಾರಿ ಎಂಬ ಗ್ರಹಿಕೆಯೂ ಪೊಳ್ಳು. ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ಮುಂಬಯಿಯಂತೆಯೇ ಸಿರಿತನ ಮತ್ತು ಜೋಪಡಿ ಅಕ್ಕಪಕ್ಕದಲ್ಲಿರುವ, ಟಿಬಿ ತುಂಬಿದ ಊರು. ಅಲ್ಲಿ ಮಕ್ಕಳ ಶ್ವಾಸಕೋಶ ತಜ್ಞೆ ಹೆದರ್ ಜಾರ್ ಮಾಡಿದ ಕೆಲಸವನ್ನು ನೋಡಿ. ಅಸ್ತಮಾದ ಪಂಪಿಗೆ ಸಿಕ್ಕಿಸುವ ಸ್ಪೇಸರ್ ಎಂಬ ಡಬ್ಬಿ ಬಡವರಿಗೆ ಎಟುಕುವುದಿಲ್ಲ ಎಂದು, ಅರ್ಧ ಲೀಟರಿನ ಖಾಲಿ ಪ್ಲಾಸ್ಟಿಕ್ ಬಾಟಲಿಗೆ ತೂತು ಮಾಡಿ ಪಂಪು ಸಿಕ್ಕಿಸಿದರೆ ಅಂಗಡಿಯ ಸ್ಪೇಸರಿನಷ್ಟೇ ಕೆಲಸ ಮಾಡುತ್ತದೆಂದು ಆಕೆಯ ತಂಡ 1999ರಲ್ಲಿ ಪರೀಕ್ಷಿಸಿ ತೋರಿಸಿತು. ಮುಂದೆ 2005ರಲ್ಲಿ, ಉಪ್ಪುನೀರಿನ ಆವಿ ಕೊಟ್ಟು ಹಸುಗೂಸಿನಿಂದಲೂ ಕಫ ತೆಗೆಯಬಹುದು, ಅಂಥ ಒಂದು ಮಾದರಿ ಹೊಟ್ಟೆಗೆ ನಳಿಕೆ ಇಳಿಸಿ ತೆಗೆದ ಮೂರು ಮಾದರಿಗಳಿಗೆ ಸಮ ಎಂದು ಸಾಬೀತು ಮಾಡಿತು. ಮೂರು ದಿನದ ಉಪವಾಸ ಒಂದು ದಿನಕ್ಕೆ ಇಳಿಯಿತು. ಢಾಕಾದಲ್ಲಿ ಡಾ. ಮೊಹಮ್ಮದ್ ಜೊಬಾಯೆರ್ ಚಿಸ್ತಿ ಶಾಂಪೂ ಬಾಟಲಿ, ನಳಿಕೆ, ನೀರು ಸೇರಿಸಿ ಗಾಳಿಯ ಒತ್ತಡ ಕೊಡುವ ಸಾಧನ ಮಾಡಿದರು. 2015ರ ವರದಿಯ ಪ್ರಕಾರ ಮಾಮೂಲು ಆಕ್ಸಿಜನ್ ಪಡೆದ ತೀವ್ರ ನ್ಯುಮೋನಿಯಾದ ಮಕ್ಕಳಲ್ಲಿ ನೂರಕ್ಕೆ 15 ಮಂದಿ ಸತ್ತರೆ, ಈ ಸಾಧನ ಪಡೆದವರಲ್ಲಿ ಸತ್ತವರು ನೂರಕ್ಕೆ 4. ಅಗ್ಗದ ದಾರಿ ಹೊಳೆದದ್ದು ಆ ಕಾಯಿಲೆಯಲ್ಲೇ ಮುಳುಗಿದ್ದವರಿಗೆ. ಮುಂಬಯಿಯಂಥ ಮಹಾನಗರದಿಂದ ಇಂಥ ಎಷ್ಟು ಕೆಲಸ ಬರಬೇಕಿತ್ತು!

ಇನ್ನೊಂದು ಆಕ್ಷೇಪ: ತಯಾರು ಮಾಡಿದವರೆಲ್ಲ ಕಾರ್ಪೊರೇಟ್ ಆಸ್ಪತ್ರೆಗೆ ಹೋಗುತ್ತಾರೆ. ಹೋಗದೆ ಏನು ಮಾಡಿಯಾರು? ಪಾಲಿಕೆಯ ಆಸ್ಪತ್ರೆಯಲ್ಲಿ ಆ ಹೆಸರಿನ ಹುದ್ದೆಯನ್ನೇ ಸೃಷ್ಟಿಸದೆ, ಬಂದವರನ್ನು ಸಾಮಾನ್ಯ ವಾರ್ಡಿನ ಡ್ಯೂಟಿಗೆ ಹಾಕಿದರೆ ಕಲಿತ ವಿದ್ಯೆ ತುಕ್ಕು ಹಿಡಿಯುತ್ತದೆ. ಹುದ್ದೆ ಇಲ್ಲದೆ ಕಲಿಸುವವರಿಲ್ಲ, ಕಲಿಸುವವರಿಲ್ಲದೆ ಸೀಟಿಗೆ ಮಂಜೂರಾತಿ ಇಲ್ಲ, ಸೀಟಿಲ್ಲದೆ ತಜ್ಞರಿಲ್ಲ, ತಜ್ಞರಿಲ್ಲವೆಂದು ಹುದ್ದೆ ಇಲ್ಲ. ಈ ಚಕ್ರವನ್ನು ಎಲ್ಲಾದರೂ ಒಂದು ಕಡೆ ಮುರಿಯಬೇಕು. ದೆಹಲಿಯ ಏಮ್ಸ್, ಚಂಡೀಗಡದ ಪಿಜಿಐ ಡಿಎಂ ಕೋರ್ಸ್ ಶುರುಮಾಡಿ ಮುರಿದವು. ಪಕ್ಕದ ಮನೆಯವರು ನೀರು ಸೇದಿಕೊಂಡಾರು ಎಂದು ಬಾವಿಯನ್ನೇ ತೋಡದಿರುವುದು ಯಾವ ನ್ಯಾಯ?

ಹಣವಿಲ್ಲ ಎಂಬ ಮಾತಂತೂ ಈ ಪಾಲಿಕೆಯ ಬಾಯಲ್ಲಿ ಶೋಭಿಸುವುದಿಲ್ಲ. ಅದರ 2025-26ರ ಬಜೆಟ್ 74 ಸಾವಿರ ಕೋಟಿ ರೂಪಾಯಿ ದಾಟಿತ್ತು. ಆದರೆ ಮಕ್ಕಳ ಆಸ್ಪತ್ರೆಯ ವಿಷಯದಲ್ಲಿ ಇಲ್ಲಿನ ಆಡಳಿತಗಳ ಚರಿತ್ರೆ ನೆನಪಿದೆ. ಪರೇಲಿನ ಬಾಯಿ ಜೇರ್‌ಬಾಯಿ ವಾಡಿಯಾ ಮಕ್ಕಳ ಆಸ್ಪತ್ರೆ 1929ರಿಂದ ಇದೆ. 2020ರ ಜನವರಿಯಲ್ಲಿ ಪಾಲಿಕೆ ಮತ್ತು ಸರ್ಕಾರದ ಅನುದಾನ ಬಾರದೆ ಅದು ಬಾಗಿಲು ಹಾಕುವ ಸ್ಥಿತಿಗೆ ಬಂತು. ಜನ ಬೀದಿಗಿಳಿದರು. ಪ್ರತಿಮೆಗಳಿಗೆ ಹಣವಿದೆ, ಆಸ್ಪತ್ರೆಗಿಲ್ಲವೇ ಎಂಬರ್ಥದಲ್ಲಿ ಹೈಕೋರ್ಟ್ ಛೀಮಾರಿ ಹಾಕಿದ ಮೇಲೆ ಹಣ ಹೊರಬಿತ್ತು. ಕೊರತೆ ಇದ್ದದ್ದು ದುಡ್ಡಿನದಲ್ಲ, ಮನಸ್ಸಿನದು.

ಮಕ್ಕಳಿಗೇ ಬೇರೆ ಡಾಕ್ಟರ್ ಯಾಕೆ ಎಂಬ ಪ್ರಶ್ನೆಯನ್ನೂ ಈ ದೇಶ ಬಹುಕಾಲ ಕೇಳುತ್ತಿತ್ತು. ಬಾಂಬೆಯ ಡಾ. ಜಾರ್ಜ್ ಕೊಯೆಲ್ಹೊ, ಕಲ್ಕತ್ತೆಯ ಡಾ. ಕೆ.ಸಿ. ಚೌಧುರಿ ಅವರಂಥವರು ಕಟ್ಟಿದ ಎರಡು ಸಂಘಗಳು ಸೇರಿ ಮಕ್ಕಳ ತಜ್ಞರ ಅಖಿಲ ಭಾರತ ಸಂಸ್ಥೆ ಆದದ್ದು 1963ರಲ್ಲಿ. ಎಂಬಿಬಿಎಸ್‌ನಲ್ಲಿ ಮಕ್ಕಳ ವೈದ್ಯಶಾಸ್ತ್ರ ಸ್ವತಂತ್ರ ವಿಷಯವಾದದ್ದು 1997ರ ನಿಯಮಾವಳಿಯ ನಂತರ. ಅಲ್ಲಿಯವರೆಗೆ ಅದು ಮೆಡಿಸಿನ್ ಪತ್ರಿಕೆಯ ಒಂದು ತುಂಡು. ಮಕ್ಕಳ ಡಾಕ್ಟರ್ ಇಲ್ಲದ ಊರನ್ನು ಇಂದು ಯಾರಾದರೂ ಸಮರ್ಥಿಸುತ್ತಾರೆಯೇ?

ಕಣ್ಣಿಗೊಬ್ಬ, ಕಿವಿಗೊಬ್ಬ ಎಂದು ಮಗುವನ್ನು ಹರಿದು ಹಂಚಬೇಡಿ ಎಂಬ ಎಚ್ಚರಿಕೆಯಲ್ಲಿ ಹುರುಳಿದೆ. ಅದಕ್ಕೇ ಈ ತರಬೇತಿ ಮಕ್ಕಳ ವೈದ್ಯಶಾಸ್ತ್ರದಲ್ಲಿ ಎಂಡಿ ಆದವರಿಗೆ ಮೀಸಲು. ಇಡೀ ಮಗುವನ್ನು ನೋಡಲು ಕಲಿತ ಮೇಲೆಯೇ ಅದರ ಎದೆಯತ್ತ. ತಜ್ಞರು ಪ್ರತಿ ಕೆಮ್ಮನ್ನೂ ನೋಡಬೇಕಾಗಿಲ್ಲ. ಗೋವಂಡಿಯ ಶತಾಬ್ದಿ, ಘಾಟ್ಕೋಪರಿನ ರಾಜಾವಾಡಿ ಆಸ್ಪತ್ರೆಗಳ ಡಾಕ್ಟರುಗಳಿಗೆ ಯಾವ ಕೆಮ್ಮು ಮಾಮೂಲು, ಯಾವುದು ಅಲ್ಲ ಎಂದು ಕಲಿಸಿದರೆ ಸಾಕು. ಒಬ್ಬರು ಹಾಗೆ ನೂರು ಜನಕ್ಕೆ ಕಲಿಸುತ್ತಾರೆ.

ಕೊನೆಗೆ ನಮ್ಮ ಜನಕ್ಕೂ ಒಂದು ಮಾತು. ಪಂಪ್ ಹಾಕಿದರೆ ಚಟವಾಗುತ್ತದೆ, ಸಿರಪ್ ಸಾಕು. ಮೇ ತಿಂಗಳಲ್ಲಿ ಊರಿಗೆ ಕರೆದೊಯ್ದು ಹವಾ ಬದಲಿಸಿದರೆ ಬಾಲದಮ್ಮು ತಾನೇ ಹೋಗುತ್ತದೆ. ಇವು ಡೊಂಬಿವಲಿಯಿಂದ ಮೀರಾ ರೋಡಿನವರೆಗೆ ಕನ್ನಡ ಮನೆಗಳಲ್ಲಿ ಕೇಳುವ ಮಾತುಗಳು. ಪಂಪಿನ ಔಷಧಿ ನೇರ ಶ್ವಾಸಕೋಶಕ್ಕೆ ಹೋಗುವುದರಿಂದ ಅದರ ಪ್ರಮಾಣ ಸಿರಪ್ಪಿಗಿಂತ ಬಹಳ ಕಡಿಮೆ, ಅದು ಚಟ ಹಿಡಿಸುವುದಿಲ್ಲ. ಸಿರಪ್ಪಿನ ಕಥೆಯೋ, 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ವಿಷ ಬೆರೆತ ಕೆಮ್ಮಿನ ಔಷಧಿ ಕುಡಿದು ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಸತ್ತರು. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು, ನೆಗಡಿಯ ಸಿರಪ್ ಕೊಡಲೇಬಾರದು ಎಂದು ಕೇಂದ್ರ ಸರ್ಕಾರ ಸೂಚನೆ ಹೊರಡಿಸಬೇಕಾಯಿತು. ನಮ್ಮ ಸಂಘಗಳ ಆರೋಗ್ಯ ಶಿಬಿರಗಳಲ್ಲಿ ಬಿಪಿ, ಶುಗರ್, ಕಣ್ಣಿನ ತಪಾಸಣೆಗೆ ಇರುವ ಉತ್ಸಾಹ ಮಕ್ಕಳ ಉಸಿರಿಗೂ ಬರಲಿ.

ಆಗಬೇಕಾದದ್ದು ಇಷ್ಟು. ಕೆಇಎಂ, ಸಯಾನ್, ನಾಯರ್ ಆಸ್ಪತ್ರೆಗಳಲ್ಲಿ ಮಕ್ಕಳ ಶ್ವಾಸಕೋಶ ವಿಭಾಗ ಎಂದೇ ಹೆಸರಿಟ್ಟು ಕಾಯಂ ಹುದ್ದೆಗಳು. ಅವುಗಳ ಜೊತೆಗೆ ವಾಡಿಯಾ ಆಸ್ಪತ್ರೆ ಮತ್ತು ಶಿವ್ಡಿಯ ಟಿಬಿ ಆಸ್ಪತ್ರೆಯನ್ನು ಸೇರಿಸಿಕೊಂಡು ಮೂರು ವರ್ಷದ ಡಿಎಂ ತರಬೇತಿ. ಕಲಿತವರು ಕೆಲವು ವರ್ಷ ಪೂರ್ವ ಉಪನಗರಗಳ ಪಾಲಿಕೆ ಆಸ್ಪತ್ರೆಗಳಲ್ಲಿ ದುಡಿಯಬೇಕೆಂಬ ಕರಾರು, ಅಲ್ಲಿ ಅವರಿಗೆ ಬೇಕಾದ ಉಪಕರಣ ಮತ್ತು ಗೌರವದ ಸಂಬಳ. ಓಟು ಕೇಳಲು ಬರುವ ನಗರಸೇವಕರ ಮುಂದೆ ಗಟಾರ, ನೀರು, ರಸ್ತೆಯ ಜೊತೆಗೆ ಇದನ್ನೂ ಇಡಿ. ಮಗುವಿನ ಶ್ವಾಸಕೋಶ ಬೆಳೆಯಲು ಸಿಗುವುದು ಒಂದೇ ಬಾಲ್ಯ. ಪಾಲಿಕೆಯ ಮುಂದಿನ ಬಜೆಟ್ಟಿಗಾಗಿ ಅದು ಕಾಯುವುದಿಲ್ಲ.